ಇನ್ನೊಂದು ಪ್ಲೇಟ್ ಯಜಮಾನರು

ಹೆದ್ದಾರಿ ಬದಿಯ ಕಮಾನು ಶೆಡ್ಡಿನ ಮುಂದೆ ಒಂದು ಹಳೆಯ ಲಾರಿ ಮೂತಿ ಮೇಲೆತ್ತಿ, ಹಿಂಭಾಗ ಕುಸಿದು, ಊಟ ಮುಗಿಸಿ ಜಗಲಿಗೆ ಒರಗಿದವರಂತೆ ನಿಂತಿದ್ದರೆ ಅದರ ಯಜಮಾನರು ಅಲ್ಲೇ ಎಲ್ಲೋ ಟೀ ಕುಡಿಯುತ್ತಿದ್ದಾರೆ ಎಂದು ತಿಳಿಯಬೇಕು. ಅವರು ಮೇಸ್ತ್ರಿಗೆ ಹೇಳುವ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ: 'ಹಿಂದೆ ಕೂತ್ಬಿಟ್ಟಿದೆ ಮೇಸ್ತ್ರಿ, ಇನ್ನೊಂದು ಪ್ಲೇಟ್ ಹಾಕ್ಬಿಡಿ.' ಈ ವಾಕ್ಯದ ವ್ಯಾಕರಣವನ್ನು ಗಮನಿಸಬೇಕು. ಕೂತದ್ದು ಲಾರಿ. ಉಳುವಾಗ ಸೋಮಾರಿ ಎತ್ತು ಕೂರುವಂತೆ ಅದು ತಾನಾಗಿಯೇ ಕೂತಿದೆ. ಕೂರಿಸಿದವರು ಯಾರು ಎಂಬ ಪ್ರಶ್ನೆಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ನನ್ನ ವಾದ ಇಷ್ಟೇ: ಯಜಮಾನರ ಇಡೀ ವ್ಯವಹಾರದಲ್ಲಿ ಸುಳ್ಳು ಹೇಳದ ಒಬ್ಬನೇ ಒಬ್ಬ ಪಾಲುದಾರ ಎಂದರೆ ಆ ಪ್ಲೇಟುಗಳ ಕಟ್ಟು, ಅಂದರೆ ಲಾರಿಯ ಕಮಾನು, ಮತ್ತು ಅವರು ದುಡ್ಡು ಕೊಟ್ಟು ಬಾಯಿ ಮುಚ್ಚಿಸುತ್ತಿರುವುದು ಅದನ್ನೇ.

ಸ್ಪ್ರಿಂಗಿನ ಮೇಲೆ ಎಷ್ಟು ಭಾರವೋ ಅದರ ಬಾಗು ಅಷ್ಟು ಎಂಬುದನ್ನು ರಾಬರ್ಟ್ ಹುಕ್ 1678ರಲ್ಲೇ ವಿವರಿಸಿ ಪ್ರಕಟಿಸಿದ. ಗುಜರಿಯವನ ಕೊಕ್ಕೆ ತಕ್ಕಡಿ ನಡೆಯುವುದು ಅದೇ ನಿಯಮದ ಮೇಲೆ. ಲಾರಿಯ ಕಮಾನೂ ಒಂದು ತಕ್ಕಡಿಯೇ, ಮುಳ್ಳು ಮಾತ್ರ ಇಲ್ಲ. ಒಂಬತ್ತು ಪ್ಲೇಟಿನ ಕಟ್ಟಿಗೆ ಅದೇ ದಪ್ಪದ ಹತ್ತನೆಯದನ್ನು ಸೇರಿಸಿದರೆ ಗಡಸು ಸುಮಾರು ಒಂಬತ್ತನೆಯ ಒಂದು ಪಾಲು ಏರುತ್ತದೆ, ಬಾಗು ಅದಕ್ಕೆ ತಕ್ಕಂತೆ ಇಳಿಯುತ್ತದೆ. ಹೇರಿದ ಭಾರ ಮಾತ್ರ ಒಂದು ಕಿಲೋ ಕೂಡ ಕರಗುವುದಿಲ್ಲ. ಹೌಸಿಂಗು, ಬೇರಿಂಗು, ಬ್ರೇಕ್ ಡ್ರಮ್ಮು, ನಾಲ್ಕನೇ ಸಲ ರಿಸೋಲ್ ಕಂಡ ಟೈರು, ಇವಕ್ಕೆ ಹೊಸ ಪ್ಲೇಟಿನ ಸಮಾಚಾರವೇ ಗೊತ್ತಿಲ್ಲ. ಅವು ಹಳೆಯ ಶಕ್ತಿಯಲ್ಲೇ ಹೊಸ ಉತ್ಸಾಹವನ್ನು ಹೊರಬೇಕು. ಉತ್ಸಾಹವೆಂದು ಏಕೆ ಹೇಳಿದೆನೆಂದರೆ, ಹಿಂಭಾಗ ಎದ್ದು ನಿಂತ ಲಾರಿಯನ್ನು ಕಂಡೊಡನೆ ಯಜಮಾನರ ಕಣ್ಣಿಗೆ ಅಲ್ಲಿ ಇನ್ನೂ ಇಪ್ಪತ್ತು ಮೂಟೆಗೆ ಜಾಗ ಕಾಣುತ್ತದೆ. ಮರುದಿನ ಲಾರಿ ಮತ್ತೆ ಕೂರುತ್ತದೆ. ಖಾಲಿ ಬರುವಾಗ ಅದೇ ಗಡಸು ಕಮಾನು ಪ್ರತಿ ಹಂಪಿಗೂ ಕುದುರೆಯಂತೆ ಕುಣಿಯುತ್ತದೆ. ಅದಕ್ಕೂ ಅವರಲ್ಲಿ ಪರಿಹಾರವಿದೆ: ಖಾಲಿ ಬರಲೇಬಾರದು.

ಇವರನ್ನು ಜಿಪುಣರೆನ್ನುವುದು ಅನ್ಯಾಯ. ಬಂಪರಿಗೆ ದೃಷ್ಟಿ ತಾಗದಂತೆ ಹಳೆಯ ಚಪ್ಪಲಿ, ಕ್ಯಾಬಿನ್ನಿಗೆ ವಾರಕ್ಕೊಂದು ಹೊಸ ನಿಂಬೆಹಣ್ಣು ಮೆಣಸಿನಕಾಯಿ, ಆಯುಧಪೂಜೆಗೆ ಬಾಳೆಕಂದಿನ ಜೋಡಿ, ಬೂದುಗುಂಬಳ, ಎಲ್ಲವೂ ಧಾರಾಳ. ಶಾಕಲ್ ಪಿನ್ನಿಗೆ ಹೊಡೆಸಬೇಕಾದ ಗ್ರೀಸಿನ ವಿಷಯದಲ್ಲಿ ಮಾತ್ರ ಅವರು ವಿರಕ್ತರು. ಬುಶ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರ್ರೆಂದರೆ ಟೇಪ್ ರೆಕಾರ್ಡರಿನ ಸದ್ದು ಏರಿಸುತ್ತಾರೆ.

ಯಜಮಾನರ ಪರವಾಗಿ ಹೇಳಬೇಕಾದದ್ದೂ ಇದೆ, ಅದು ಸಣ್ಣ ಮಾತಲ್ಲ. ಎಷ್ಟು ಹೇರಬೇಕೆಂದು ತೀರ್ಮಾನಿಸುವುದು ಅವರಲ್ಲ, ಸರಕಿನ ಪಾರ್ಟಿ ಮತ್ತು ನಡುವಿನ ಬ್ರೋಕರು. ಒಂದೋ ಎರಡೋ ಗಾಡಿಯ ಸಣ್ಣ ಮಾಲೀಕ 'ಇಷ್ಟೇ ಸಾಕು' ಎಂದರೆ ಹಿಂದೆ ನಿಂತ ಇನ್ನೊಬ್ಬ 'ನಾನು ಹೇರ್ತೀನಿ' ಎನ್ನುತ್ತಾನೆ. ಡೀಸೆಲ್, ಟೋಲ್, ಸಾಲದ ಕಂತು ಯಾವುದೂ ಕಾಯುವುದಿಲ್ಲ. ಒಪ್ಪಿದೆ. ಆದರೆ 2018ರಲ್ಲಿ ಸರ್ಕಾರವೇ ಎರಡು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತಲ್ಲ, ಆಗ ಯಜಮಾನರು ಅಲ್ಲಿಗೆ ನಿಂತರೇ? ಅವರ ಪಾಲಿಗೆ ಮಿತಿ ಎಂದರೆ ಮುಗಿಯುವ ಜಾಗವಲ್ಲ, ಶುರುವಾಗುವ ಜಾಗ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಎಂದಿತು. ಯಜಮಾನರು ಅದನ್ನೂ ಬಾಡಿಗೆಯ ಲೆಕ್ಕದೊಳಗೆ ಒಂದು ಬಾಬ್ತಾಗಿ ಬರೆದುಕೊಂಡರು. ಇನ್ನು ರಸ್ತೆಯ ಮಾತು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ಓಡಿಸಿ ನೋಡಿದ ಪರೀಕ್ಷೆಯಿಂದ ಹೊರಟ ಲೆಕ್ಕದ ಪ್ರಕಾರ, ಆಕ್ಸಲ್ ಮೇಲಿನ ಭಾರ ಶೇ. 20 ಏರಿದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು ಇಮ್ಮಡಿಯಾಗುತ್ತದೆ. ಆ ಪೆಟ್ಟಿನಿಂದ ಬಿದ್ದ ಗುಂಡಿಗೆ ಇಳಿದೇ ಇವರ ಮೇನ್ ಪ್ಲೇಟು ಕಟ್ಟಾಗುವುದು, ಇವರು ಲೋಕೋಪಯೋಗಿ ಇಲಾಖೆಗೆ ಶಾಪ ಹಾಕುವುದು.

ಹಳೆಯ ಉಕ್ಕು ದಣಿಯುವುದಿಲ್ಲವೇ ಎಂದು ಕೇಳಬಹುದು. ದಣಿಯುತ್ತದೆ, ನಿಯಮದ ತೂಕ ಹೊತ್ತರೂ ವರ್ಷಗಳು ಉರುಳಿದ ಮೇಲೆ ಕಮಾನು ಚಪ್ಪಟೆಯಾಗುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಖಾಲಿ ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಆಕ್ಸಲಿನಿಂದ ಚಾಸಿಗೆ ಎರಡೂ ಬದಿ ಟೇಪು ಹಿಡಿದರೆ ಸಾಕು. ಖಾಲಿ ಇದ್ದಾಗಲೂ ತಗ್ಗಿದ್ದರೆ ಕಮಾನು ದಣಿದಿದೆ. ಒಂದೇ ಬದಿ ತಗ್ಗಿದ್ದರೆ ಆ ಬದಿಯ ಪ್ಲೇಟು ಒಡೆದಿರಬಹುದು, ಶಾಕಲ್ಲೋ ಬುಶ್ಶೋ ಹೋಗಿರಬಹುದು. ದಣಿದದ್ದಕ್ಕೆ ಮದ್ದು ಎರಡೂ ಬದಿಗೆ ಹೊಸ ಸೆಟ್. ಯಜಮಾನರು ಕೇಳುವುದು ಕುಲುಮೆಯ ಚಿಕಿತ್ಸೆ: ಇದ್ದಿಲಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಾಗಿಸಿ, ಹಾಗೇ ಆರಲು ಬಿಡುವುದು. ಕಾರ್ಖಾನೆಯಲ್ಲಿ ಆ ಉಕ್ಕಿಗೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಅಳತೆಯ ಶಾಖದಲ್ಲಿ ಕಾಯಿಸಿ ಕೊಟ್ಟ ಹದ ಇಲ್ಲಿ ಸುಟ್ಟುಹೋಗುತ್ತದೆ. ಕಮಾನಿನ ಬಿಲ್ಲು ನೋಡಲು ಚೆಂದ. ಎರಡು ಲೋಡು ಕಬ್ಬು ಹೊತ್ತ ಮೇಲೆ ಅದು ಮತ್ತೆ ಜಗಲಿ ಹಿಡಿಯುತ್ತದೆ.

ಮೇಸ್ತ್ರಿ ಇದನ್ನೆಲ್ಲ ಬಲ್ಲವನು. ಆದರೂ ಕೇಳಿದ ಪ್ಲೇಟು ಹಾಕಿ, ಯು ಬೋಲ್ಟ್ ಬಿಗಿದು, 'ಒಂದು ಲೋಡು ಓಡಿಸ್ಕೊಂಡು ಬನ್ನಿ ಸಾವ್ಕಾರ್ರೆ, ಇನ್ನೊಂದ್ಸಲ ಟೈಟ್ ಮಾಡ್ಬೇಕು' ಎಂದು ಹೇಳಿ ಕಳಿಸುತ್ತಾನೆ. ಹೊಸದಾಗಿ ಕಟ್ಟಿದ ಪ್ಲೇಟುಗಳು ಭಾರಕ್ಕೆ ಒತ್ತಿಕೊಂಡಾಗ ಬೋಲ್ಟು ಸಡಿಲವಾಗುತ್ತದೆ. ಸಡಿಲ ಬಿಟ್ಟರೆ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ಲೇ ಜರುಗುತ್ತದೆ. ಹತ್ತು ನಿಮಿಷದ ಕೆಲಸ. ಅದಕ್ಕೆ ಯಜಮಾನರು ಬರುವುದಿಲ್ಲ. ಅವತ್ತು ಅವರಿಗೆ ಬಾಡಿಗೆ ಇರುತ್ತದೆ.