ಲಘುಡಿಕ್ಕಿ ಮೀಮಾಂಸೆ

ಅಥಾತೋ ಡಿಕ್ಕಿಜಿಜ್ಞಾಸಾ. ರಕ್ತ ಬಾರದ, ಎಲುಬು ಮುರಿಯದ, ಬಂಪರು ಮಾತ್ರ ತರಚಿದ ಡಿಕ್ಕಿಯೇ ಈ ಶಾಸ್ತ್ರದ ವಿಷಯ. ಬೆಂಗಳೂರಿನ ಔಟರ್ ರಿಂಗ್ ರೋಡು ಇದರ ಕರ್ಮಭೂಮಿ. ಕಾರಿನ ಸಾಲದ ಕಂತು ಇನ್ನೂ ಕಟ್ಟುತ್ತಿರುವವನೇ ಇದಕ್ಕೆ ಅಧಿಕಾರಿ. ಯಾರಿಗಾದರೂ ಗಾಯವಾಗಿದ್ದರೆ ಶಾಸ್ತ್ರವನ್ನು ಅಲ್ಲೇ ಮಡಚಿಟ್ಟು 112ಕ್ಕೆ ಫೋನು ಮಾಡತಕ್ಕದ್ದು. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯವೆಂದು ವಿಧಿಸುತ್ತದೆ. ಜೊತೆಗೆ, ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿಯನ್ನೂ ಕೊಡುತ್ತದೆ. ಕಾಯ್ದೆ ಬರೆದವರಿಗೆ ನಮ್ಮ ಜನ ಚೆನ್ನಾಗಿಯೇ ಗೊತ್ತಿದ್ದರು.

ಮೊದಲನೆಯ ವಿಧಿ ಇಳಿಯುವುದು. ಕಾರನ್ನು ಗುದ್ದಿದ ಜಾಗದಿಂದ ಎಳ್ಳಷ್ಟೂ ಕದಲಿಸದೆ, ನಡುರಸ್ತೆಯಲ್ಲೇ ಬಿಟ್ಟು ಇಳಿಯಬೇಕು. ಪಕ್ಕಕ್ಕೆ ಹಾಕಿದರೆ ತಪ್ಪೊಪ್ಪಿಕೊಂಡಂತೆ ಎಂಬುದು ವೃದ್ಧಸಂಪ್ರದಾಯ. ಎದುರಾಳಿಯ ಮುಖ ನೋಡುವ ಮುನ್ನ ಸ್ವಂತ ಬಂಪರು ನೋಡಬೇಕು. ತರಚಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಬೇಕು. ಉಜ್ಜಿ ಹೋದರೆ ಅದು ಅವನ ಕಾರಿನ ಬಣ್ಣ, ಹೋಗದಿದ್ದರೆ ನಿಮ್ಮ ಪ್ರಾರಬ್ಧ. ಆಮೇಲೆ ಮಂತ್ರ: ‘ಕಣ್ಣು ಕಾಣ್ಸಲ್ವೇನ್ರೀ?’ ಪ್ರತಿಮಂತ್ರ: ‘ನೀವ್ಯಾಕ್ರೀ ಸಡನ್ನಾಗಿ ಬ್ರೇಕ್ ಹಾಕಿದ್ದು?’ ಬಹುವಚನದಿಂದ ಏಕವಚನಕ್ಕೆ ಯಾವಾಗ ಇಳಿಯಬೇಕೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಎದುರಿನ ಕಾರಿನ ಬೆಲೆ ನೋಡಿ ತೀರ್ಮಾನಿಸತಕ್ಕದ್ದೆಂಬುದು ನಮ್ಮ ಪಕ್ಷ.

ಇನ್ನು ಪ್ರಮಾಣವಿಚಾರ. ನೈಯಾಯಿಕರಿಗೆ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಡ್ಯಾಶ್‌ಕ್ಯಾಮೇ ಪ್ರತ್ಯಕ್ಷ; ಅದು ನಿಮ್ಮ ತಪ್ಪನ್ನೇ ತೋರಿಸಿದರೆ ಭ್ರಾಂತಿ. ಹೊಗೆ ಕಂಡಲ್ಲಿ ಬೆಂಕಿ, ಮುರಿದ ಹೆಡ್‌ಲೈಟು ಕಂಡಲ್ಲಿ ವಾಟ್ಸಾಪು ಎಂಬುದು ಅನುಮಾನ. ‘ನಮ್ಮ ಭಾವಮೈದುನಂಗೂ ಹೋದ್ವರ್ಷ ಹಿಂಗೇ ಆಗಿತ್ತು’ ಎಂಬುದು ಉಪಮಾನ. ಶಬ್ದಕ್ಕೆ ಆಪ್ತವಾಕ್ಯ ಬೇಕು. ಅದನ್ನು ಒದಗಿಸುವವರು ಆಟೋದವರು. ಡಿಕ್ಕಿಯಾದಾಗ ಅವರು ಹಿಂದಿನ ಸಿಗ್ನಲಿನಲ್ಲಿದ್ದರೆಂಬುದು ಅವರ ಆಪ್ತತ್ವಕ್ಕೆ ಕುಂದಲ್ಲ.

ಭಾಟ್ಟ ಮೀಮಾಂಸಕರು ಇವಕ್ಕೆ ಇನ್ನೆರಡು ಸೇರಿಸಿದರು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯುವುದು ಅರ್ಥಾಪತ್ತಿ. ತಾನೇ ಗುದ್ದಿಸಿಕೊಂಡೂ ‘ಹೋಗ್ಲಿ ಬಿಡಿ ಸಾರ್’ ಎಂದು ಆತುರದಿಂದ ಹೊರಟವನ ಬಳಿ ಲೈಸೆನ್ಸಿಲ್ಲವೆಂದು ತಿಳಿಯುವುದೂ ಅದೇ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ನಮ್ಮೂರಿನ ಕಾರುಗಳಿಗೆ ಇಂಡಿಕೇಟರು ಇಟ್ಟಿರುವುದು ಈ ಪ್ರಮಾಣದ ಉದಾಹರಣೆಗಾಗಿಯೇ ಇರಬೇಕು.

ಬಳಿಕ ಅರ್ಥಕಾಂಡ. ಬಂಪರಿನ ಟಿಂಕರಿಂಗು, ಪೇಂಟಿಂಗಿಗೆ ಗ್ಯಾರೇಜಿನವರು 4,000 ರೂಪಾಯಿ ಹೇಳಿದರೆನ್ನಿ. ‘ಇನ್ಶೂರೆನ್ಸ್ ಇದೆಯಲ್ಲ!’ ಎಂದು ಪೂರ್ವಪಕ್ಷಿ ಎದೆಯುಬ್ಬಿಸುತ್ತಾನೆ. 1,500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿಯನ್ನು ಮಾಲೀಕನೇ ಭರಿಸಬೇಕು. ಸವಕಳಿಯನ್ನೂ ಕಳೆಯದಿದ್ದರೆ ಕಂಪನಿಯಿಂದ ಬರುವುದು 3,000. ಆದರೆ ಕ್ಲೇಮ್ ಮಾಡದೆ ಐದು ವರ್ಷ ಕಾಪಾಡಿಕೊಂಡು ಬಂದ ಶೇ. 50ರ ನೋ ಕ್ಲೇಮ್ ಬೋನಸ್ಸು ಒಂದೇ ಏಟಿಗೆ ಸೊನ್ನೆಯಾಗುತ್ತದೆ. ರಿಯಾಯಿತಿಗೆ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದವನಿಗೆ ಮುಂದಿನ ವರ್ಷವೇ 4,000 ನಷ್ಟ. ಮೂರು ಬಂದು ನಾಲ್ಕು ಹೋಗುವ ಈ ಯಜ್ಞವನ್ನು ಮಾಡುವವರು ಬೇಕಾದಷ್ಟಿದ್ದಾರೆ. ಎದುರಿನವನ ಥರ್ಡ್ ಪಾರ್ಟಿ ವಿಮೆಯಿಂದಲೇ ವಸೂಲು ಮಾಡುತ್ತೇನೆನ್ನುವ ಹಠವಾದಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಬಾಗಿಲು ತೆರೆದೇ ಇದೆ. ತೀರ್ಪು ಬರುವ ಹೊತ್ತಿಗೆ ಕಾರು ಗುಜರಿಗೆ ಹೋಗಿರುವ ಸಂಭವವುಂಟು.

ಕೆಲವು ನಾಸ್ತಿಕರ ಕ್ರಮವೇ ಬೇರೆ. ಇಳಿದವರೇ ‘ನಿಮಗೇನೂ ಆಗಿಲ್ಲ ತಾನೇ?’ ಎಂದು ಕೇಳುತ್ತಾರೆ. ನಂಬರ್ ಪ್ಲೇಟು ಕಾಣುವಂತೆ ನಾಲ್ಕು ಫೋಟೋ ತೆಗೆದು, ಕಾರನ್ನು ಎಡಕ್ಕೆ ಹಾಕಿ ಹಜಾರ್ಡ್ ಲೈಟು ಹಚ್ಚುತ್ತಾರೆ. ಹೆಸರು, ಫೋನ್ ನಂಬರು, ಪಾಲಿಸಿ ನಂಬರು ಬರೆದುಕೊಂಡು ಹೊರಟೇಬಿಡುತ್ತಾರೆ. ಎಲ್ಲಾ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ. ಇದರಲ್ಲಿ ವೀರವಿಲ್ಲ, ರೌದ್ರವಿಲ್ಲ, ಆಟೋದವರ ಭಾಷ್ಯಕ್ಕೆ ಎಡೆಯೇ ಇಲ್ಲ. ಹೀಗೆ ಎಲ್ಲರೂ ಮಾಡತೊಡಗಿದರೆ ಈ ಶಾಸ್ತ್ರಕ್ಕೆ ಉಳಿಗಾಲವಿಲ್ಲವಾದ್ದರಿಂದ ಆ ಮತ ಇಲ್ಲಿ ಖಂಡಿತವಾಗಿದೆ.

ವಾದಿ ಪ್ರತಿವಾದಿಗಳಲ್ಲಿ ಒಂದೇ ಅರಿಕೆ: ಐದನೆಯ ಪ್ರಮಾಣಕ್ಕೆ ಹೋಗುವ ಮುಂಚೆ ಗಾಡಿ ಒಂಚೂರು ಸೈಡಿಗೆ ಹಾಕಿ ಸ್ವಾಮಿ, ಹಿಂದಿನ ಬಿಎಂಟಿಸಿ ಬಸ್ಸಿನಲ್ಲಿ ಅರವತ್ತು ಜನ ನಿಂತಿದ್ದಾರೆ.