ಸ್ಟಾಕ್‌ಹೋಮ್‌ನಲ್ಲಿ ಏನೈತೆ ಸಾರ್?

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸ್ವೀಡನ್ ವಿಷಯಕ್ಕೆ ನಾನೇ ತಜ್ಞ. ಮಗಳು ಅಳಿಯ ಸ್ಟಾಕ್‌ಹೋಮ್‌ನಲ್ಲಿದ್ದಾರೆ, ಒಂದು ಬೇಸಿಗೆ ಹೋಗಿ ಇದ್ದು ಬಂದಿದ್ದೇನೆ, ಅರ್ಹತೆ ಇಷ್ಟೇ. ಮಗ ಎರಿಕ್ಸನ್ ಕಂಪನಿ ಸೇರಿದ, ಸೊಸೆಗೆ ಬಾಣಂತನ ಎಂದು ವೀಸಾ ಮಾಡಿಸಿಕೊಂಡವರೆಲ್ಲ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ನಮ್ಮ ಮನೆಗೆ ಬರುತ್ತಾರೆ. ಚಪ್ಪಲಿ ಬಿಡುತ್ತಲೇ ಕೇಳುವುದು ಒಂದೇ ಪ್ರಶ್ನೆ: “ಅಲ್ಲಿ ನೋಡೋವಂಥದ್ದು ಏನೈತೆ ಸಾರ್?”

ಮಕ್ಕಳು ಕಳಿಸಿದ ಪಟ್ಟಿ ಅವರ ಫೋನಿನಲ್ಲೇ ಇರುತ್ತದೆ. ಮ್ಯೂಸಿಯಂ, ಇನ್ನೊಂದು ಮ್ಯೂಸಿಯಂ, ದೋಣಿ, ಅರಮನೆ, ಮತ್ತೆ ಮ್ಯೂಸಿಯಂ. ನಾನು ಅದನ್ನು ಪಕ್ಕಕ್ಕಿಡಿಸುತ್ತೇನೆ. ನನ್ನದು ಬೇರೆ ಲೆಕ್ಕ: ಊರಿಗೆ ಬಂದ ಮೇಲೆ ಅರಳಿಕಟ್ಟೆಯಲ್ಲಿ ಕೂತು ಹೇಳಿಕೊಳ್ಳಲು ಬರದ ಜಾಗಕ್ಕೆ ಟಿಕೆಟ್ ದಂಡ. ಎಂಥ ಸರೋವರವೇ ಇರಲಿ, “ಚೆನ್ನಾಗಿತ್ತು, ನೀಲಿ ನೀರು” ಅಂದರೆ ಮಾತು ಮುಗಿಯಿತು. ಆ ನಗರವೇ 14 ದ್ವೀಪಗಳ ಮೇಲಿದೆ; ನೀರು ನೋಡಲು ಪ್ರತ್ಯೇಕ ಹೋಗಬೇಕಾಗಿಯೂ ಇಲ್ಲ.

ಕಟ್ಟೆಯ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುವುದು ವಾಸಾ ಎಂಬ ಹಡಗು. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಯುದ್ಧಕ್ಕೆಂದು ಕಟ್ಟಿಸಿದ್ದು. 69 ಮೀಟರ್ ಉದ್ದ, 64 ಫಿರಂಗಿ, ಮೈತುಂಬ ಕೆತ್ತನೆ. ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿದರಂತೆ. 30 ಜನರನ್ನು ಹಡಗಿನ ಈ ಅಂಚಿನಿಂದ ಆ ಅಂಚಿಗೆ ಒಟ್ಟಿಗೆ ಓಡಿಸಿದರು. ಹಡಗು ತೂಗಾಡಿದ ರಭಸಕ್ಕೆ ಹೆದರಿ ನಿಲ್ಲಿಸಿಬಿಟ್ಟರು. ಹಡಗನ್ನಲ್ಲ, ಪರೀಕ್ಷೆಯನ್ನು. 1628ರ ಆಗಸ್ಟ್ 10ರಂದು ಊರೆಲ್ಲ ದಡದಲ್ಲಿ ನಿಂತು ನೋಡುತ್ತಿರುವಾಗ ಅದು ಹೊರಟು, ಸುಮಾರು 1300 ಮೀಟರ್ ಸಾಗಿ, ಒಂದು ಗಾಳಿಗೆ ವಾಲಿ, ಫಿರಂಗಿ ಕಿಂಡಿಗಳಿಂದ ನೀರು ಕುಡಿದು ತಳ ಸೇರಿತು. ನಮ್ಮ ಹಳೇ ಬಸ್‌ಸ್ಟ್ಯಾಂಡಿನಿಂದ ಅಷ್ಟು ದೂರವನ್ನು ನಾವು ತರಕಾರಿ ಚೀಲ ಹೊತ್ತು ನಡೆಯುತ್ತೇವೆ.

ಆಮೇಲೆ ವಿಚಾರಣೆ. ಕ್ಯಾಪ್ಟನ್ ನನ್ನದೇನೂ ತಪ್ಪಿಲ್ಲ ಅಂದ. ಕಟ್ಟಿದವರು, ಅಳತೆಯನ್ನು ಮಹಾರಾಜರೇ ಒಪ್ಪಿದ್ದು ಅಂದರು. ಯೋಜನೆಯ ಮುಖ್ಯ ಮೇಸ್ತ್ರಿ ಹಿಂದಿನ ವರ್ಷವೇ ತೀರಿಕೊಂಡಿದ್ದ. ಕೊನೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಈ ಕಥೆಯನ್ನು ಕಟ್ಟೆಯಲ್ಲಿ ಹೇಳಿದಾಗ ನಿವೃತ್ತ ಓವರ್‌ಸಿಯರ್ ಒಬ್ಬರು, “ಫೈಲು ಕ್ಲೋಸ್ ಮಾಡಿದ್ರು ತಾನೇ?” ಎಂದು ಕೇಳಿ, ಹೌದು ಅಂದ ಮೇಲೆಯೇ ಕಾಫಿ ಲೋಟ ಎತ್ತಿಕೊಂಡರು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ 333 ವರ್ಷ ಕೆಸರಿನಲ್ಲಿದ್ದ ಹಡಗನ್ನು 1961ರಲ್ಲಿ ಹೆಚ್ಚೂಕಡಿಮೆ ಇಡಿಯಾಗಿ ಎತ್ತಿದರು. 1990ರಿಂದ ಅದಕ್ಕೊಂದು ದೊಡ್ಡ ಮ್ಯೂಸಿಯಂ. ಸರ್ಕಾರದ ಎಡವಟ್ಟನ್ನು ಇಷ್ಟು ಚೆನ್ನಾಗಿ ದೀಪ ಹಾಕಿ, ಟಿಕೆಟ್ ಇಟ್ಟು ತೋರಿಸುವ ಜಾಗ ನಾನು ಬೇರೆ ಕಂಡಿಲ್ಲ.

ಎರಡನೆಯದು ಸಿಟಿ ಹಾಲ್, 1923ರಲ್ಲಿ ತೆರೆದದ್ದು. ಅಲ್ಲಿ ‘ನೀಲಿ ಸಭಾಂಗಣ’ ಎಂದೊಂದಿದೆ, ನೊಬೆಲ್ ಔತಣ ನಡೆಯುವುದು ಅಲ್ಲೇ. ಒಳಗೆ ಹೋದರೆ ನಾಲ್ಕೂ ಕಡೆ ಕೆಂಪು ಇಟ್ಟಿಗೆ. ನೀಲಿ ಬಳಿಸಬೇಕೆಂದಿದ್ದ ವಾಸ್ತುಶಿಲ್ಪಿಗೆ ಇಟ್ಟಿಗೆಯ ಬಣ್ಣವೇ ಹಿಡಿಸಿ ಹಾಗೇ ಬಿಟ್ಟನೆಂದು ಗೈಡ್ ಹೇಳಿದಳು. ಕಟ್ಟೆ ಇದನ್ನು ನಂಬಲಿಲ್ಲ. ಬಣ್ಣದ ಬಿಲ್ಲು ಪಾಸಾಗಿದ್ದಿರಬೇಕು ಎಂಬುದು ಅವರ ಒಮ್ಮತದ ಅಭಿಪ್ರಾಯ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಕಾನ್ಸರ್ಟ್ ಹಾಲ್ ಇದೆ. 1930ರಲ್ಲಿ ಸರ್ ಸಿ.ವಿ. ರಾಮನ್ ಸ್ವೀಡನ್ ರಾಜನ ಕೈಯಿಂದ ನೊಬೆಲ್ ತೆಗೆದುಕೊಂಡದ್ದು ಅಲ್ಲಿ. ನಮ್ಮ ಬೆಂಗಳೂರಿಗೆ ಅವರು ಬಂದದ್ದು 1933ರಲ್ಲಿ, ಆದರೆ ಕಟ್ಟೆಯಲ್ಲಿ “ನಮ್ಮ ರಾಮನ್” ಅನ್ನಲು ಇಷ್ಟು ನೆಂಟಸ್ತಿಕೆ ಸಾಕು.

ಹಳೇ ಪೇಟೆ ಗಾಮ್ಲಾಸ್ತಾನ್‌ನಲ್ಲಿ 90 ಸೆಂಟಿಮೀಟರ್‌ಗೆ ಕಿರಿದಾಗುವ ಓಣಿಯೊಂದಿದೆ, ಫೋಟೊ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ನೀವು ನಿಲ್ಲಬೇಡಿ. ನಮ್ಮ ಪೇಟೆಯಲ್ಲಿ ಅಷ್ಟಗಲದ ಸಂದಿಯಲ್ಲಿ ಎದುರುಬದುರು ಎರಡು ಸ್ಕೂಟರ್ ಬರುತ್ತವೆ. ಅಬ್ಬಾ ಎಂಬ ಹಾಡುಗಾರರ ಮ್ಯೂಸಿಯಂ ಮಕ್ಕಳಿಗೆ ಬಿಡಿ. ಸುರಂಗ ರೈಲು ಮಾತ್ರ ತಪ್ಪಿಸಿಕೊಳ್ಳಬೇಡಿ. 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಚಿತ್ರವೋ ಶಿಲ್ಪವೋ ಇದೆ. ಕೆಲವೆಡೆ ಕೊರೆದ ಬಂಡೆಯನ್ನು ಹಾಗೇ ಬಿಟ್ಟು ಬಣ್ಣ ಬಳಿದಿದ್ದಾರೆ. ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ, ಇಳಿದು ಹತ್ತಿ ನೋಡಬಹುದು. ಶಿವಗಂಗೆ ಹತ್ತಿದ ಮಂಡಿಗಳಿಗೆ ಅಲ್ಲಿ ಎಸ್ಕಲೇಟರ್ ಇರುವುದು ಮತ್ತೊಂದು ಸಂತೋಷ.

ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂಗೆ ನಮ್ಮ ಪಕ್ಕದ ಮನೆಯ ಮಗ್ಗದ ಯಜಮಾನರು ಕಳೆದ ವರ್ಷ ಹೋಗಿ ಬಂದರು. 1891ರಲ್ಲಿ ಶುರುವಾದದ್ದು, ದೇಶದ ನಾನಾ ಕಡೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಜೋಡಿಸಿ, ಹಳೇ ಉಡುಪಿನವರಿಂದ ಹಳೇ ಕಸುಬು ಮಾಡಿಸಿ ತೋರಿಸುತ್ತಾರೆ. ಹೇಗಿತ್ತು ಅಂದೆ. “ಚೆನ್ನಾಗೈತೆ ಸಾರ್. ನಮ್ಮ ಬೀದೀನೂ ಇನ್ನೊಂದಿಪ್ಪತ್ತು ವರ್ಷಕ್ಕೆ ಅಂಗೇ ಆಗೋದು. ಟಿಕೆಟ್ ಕೌಂಟರ್ ನನ್ ಮಗನಿಗೆ ಕೊಡ್ಸಿ” ಅಂದು ಮಗ್ಗದ ಸದ್ದಿನೊಳಕ್ಕೆ ಹೋದರು.

ಅವರ ಮನೆಯಾಕೆಯ ಕಷ್ಟವೇ ಬೇರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಾದ ಮೇಲೆ. ಸಂಜೆ ದೀಪ ಹಚ್ಚಲು ಆಕಳಿಸುತ್ತಾ ಕಾದಿದ್ದರಂತೆ. “ರಾಹುಕಾಲ ಹೆಂಗಣ್ಣ ಅಲ್ಲಿ?” ಎಂದು ಹೋಗುವ ಮುಂಚೆಯೇ ನನ್ನನ್ನು ಕೇಳಿದ್ದರು. ಕೂತು ಲೆಕ್ಕ ಹಾಕಿದೆ. ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ರಾಹುವಿಗೆ. ಜೂನ್‌ನ ಹಗಲು ಹದಿನೆಂಟೂವರೆ ಗಂಟೆ. ಅಂದರೆ ರಾಹುಕಾಲ ಎರಡು ಗಂಟೆ ಇಪ್ಪತ್ತು ನಿಮಿಷ. ಡಿಸೆಂಬರ್‌ನಲ್ಲಿ ಮೂರು ಗಂಟೆಗೆ ಮೊದಲೇ ಕತ್ತಲು, ರಾಹುವಿಗೆ ಸಿಗುವುದು ಬರೀ ಮುಕ್ಕಾಲು ಗಂಟೆ. “ಅಂಗಾದ್ರೆ ಒಳ್ಳೇ ಕೆಲಸ ಎಲ್ಲಾ ಡಿಸೆಂಬರ್‌ನಾಗೆ ಮಾಡ್ಬೇಕು” ಅಂದರು ಆಕೆ. ಆ ಚಳಿಯಲ್ಲಿ ಹಾಸಿಗೆಯಿಂದ ಏಳುವುದೇ ಒಳ್ಳೇ ಕೆಲಸ ಎಂದು ನಾನು ಹೇಳಲಿಲ್ಲ.

ಪಟ್ಟಿಯಲ್ಲಿ ಇಲ್ಲದ್ದು ಇನ್ನೊಂದಿದೆ. ಅಲ್ಲಿ ಇನ್ನೊಬ್ಬರ ಕಾಡಿನಲ್ಲೂ ಯಾರು ಬೇಕಾದರೂ ನಡೆದಾಡಬಹುದು, ಕಾಡುಹಣ್ಣು ಕಿತ್ತು ತಿನ್ನಬಹುದು. ಮನೆಯಂಗಳಕ್ಕೂ ಬೆಳೆಗೂ ಹೋಗಬಾರದು, ಅಷ್ಟೇ. ದೇವನಹಳ್ಳಿ ಸುತ್ತ ತಂತಿಬೇಲಿ, ‘ಈ ಜಮೀನು ಇಂಥವರಿಗೆ ಸೇರಿದ್ದು’ ಎಂಬ ಬೋರ್ಡು ಓದುತ್ತಲೇ ಓಡಾಡುವ ನನಗೆ, ಬಟ್ಟಲು ಹಿಡಿದು ಬ್ಲೂಬೆರಿ ಕೀಳುವಾಗ ಹಿಂದೆ ಯಾರೂ ಕೂಗದೇ ಇದ್ದದ್ದು ವಾಸಾ ಹಡಗಿಗಿಂತ ದೊಡ್ಡ ಸಂಗತಿ ಅನ್ನಿಸಿತು. ನೀಲಿ ಸಭಾಂಗಣದ ಹಾಗೆ ಇದನ್ನೂ ಕಟ್ಟೆಯಲ್ಲಿ ಯಾರೂ ನಂಬಲಿಲ್ಲ.

ಹೋಗುವವರು ಜೂನ್‌ನಿಂದ ಆಗಸ್ಟ್ ಒಳಗೆ ಹೋಗಿ. ಮನೆಯೊಳಗೆ ಅವರೂ ನಮ್ಮ ಹಾಗೆ ಪಾದರಕ್ಷೆ ಬಿಟ್ಟೇ ಬರುವುದು, ಹರಕಿಲ್ಲದ ಸಾಕ್ಸ್ ಇಟ್ಟುಕೊಳ್ಳಿ. ಕುಡಿಯಲು ನಲ್ಲಿ ನೀರೇ ಸಾಕು, ಬಾಟಲಿಗೆ ದುಡ್ಡು ಸುರಿಯಬೇಡಿ. ಚಟ್ನಿಪುಡಿ ಒಯ್ಯಿರಿ. ತುಪ್ಪ ಮಾತ್ರ ಬೇಡ: ಹೊರಗಿನ ದೇಶದವರು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಬಾಣಂತಿಗೆ ಅಂದರೂ ಬಿಡುವುದಿಲ್ಲ.