ವಾರಂಟಿಯೂ ಶಾಪವೂ

ಮದುವೆ ಫೋಟೊದವರು ಈಗೀಗ ಆಲ್ಬಂ ಜೊತೆಗೆ ಒಂದು ಪೆನ್‌ಡ್ರೈವನ್ನೂ ಕೈಗಿಡುತ್ತಾರೆ. ‘ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಸಾರ್’ ಅನ್ನುತ್ತಾರೆ. ಮಕ್ಕಳ ಕಾಲಕ್ಕಿದ್ದರೆ ಪುಣ್ಯ. ಅದರೊಳಗೆ ಫೋಟೊ ನಿಂತಿರುವುದು ಚೂರುಪಾರು ವಿದ್ಯುತ್ತಾಗಿ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದರೆ ಮದುಮಗಳು ಸದ್ದಿಲ್ಲದೆ ಸೋರಿಹೋಗಬಹುದು.

ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ನಾಗಮಂಗಲಕ್ಕೆ ಬಂದಾಗ ಫೋಟೊ ಉಳಿಸುವುದು ಹೇಗೆಂದು ಕೇಳಿದೆ.

‘ಮೂರು ಪ್ರತಿ ಇರ್ಬೇಕು ಮಾವ. ಎರಡು ಥರದ ವಸ್ತುವಿನಲ್ಲಿ. ಒಂದು ಊರಾಚೆ.’

‘ಊರಾಚೆ ಯಾಕ್ಲಾ?’

‘ಮನೆಗೆ ಬೆಂಕಿ ಬಿದ್ರೆ?’

‘ಬಿಡ್ತು ಅನ್ನೋ!’ ಎಂದು ಅಡುಗೆಮನೆಯಿಂದ ಅವನ ಅತ್ತೆ ಗದರಿದಳು.

ಹುಡುಗನ ಮಾತಿನಲ್ಲಿ ಹುರುಳಿದೆ. ಟಿಪ್ಪು ತನ್ನ ಗ್ರಂಥಭಂಡಾರವನ್ನು ಶ್ರೀರಂಗಪಟ್ಟಣದಲ್ಲೇ ಇಟ್ಟುಕೊಂಡಿದ್ದ. 1799ರಲ್ಲಿ ಕೋಟೆ ಬಿದ್ದ ಮೇಲೆ ಊರಾಚೆಯ ಏರ್ಪಾಟನ್ನು ಇಂಗ್ಲಿಷರೇ ವಹಿಸಿಕೊಂಡರು. ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಇಲ್ಲೊಂದು ಪ್ರತಿ ಬಿಟ್ಟು ಹೋಗುವಷ್ಟು ಸೌಜನ್ಯ ಅವರಿಗಿರಲಿಲ್ಲ.

ವಸ್ತುವಿನ ಆಯ್ಕೆಯಲ್ಲಿ ಮಾತ್ರ ನಮ್ಮ ತಾಲ್ಲೂಕು ಅಳಿಯನಿಗಿಂತ ಹಿರಿಯದು. ಗಂಗ ದೊರೆ ಶ್ರೀಪುರುಷ 776ರಲ್ಲಿ ಜಿನಾಲಯವೊಂದಕ್ಕೆ ದತ್ತಿ ಬಿಟ್ಟು ಬರೆಸಿದ ತಾಮ್ರಪಟ ಸಿಕ್ಕಿದ್ದು ಇಲ್ಲಿನ ದೇವರಹಳ್ಳಿಯಲ್ಲಿ. ಕರೆಂಟಿಲ್ಲ, ಕೇಬಲ್ಲಿಲ್ಲ, ಪಾಸ್‌ವರ್ಡಿಲ್ಲ. ಈಗ ಸಾವಿರ ವರ್ಷ ಬಾಳುತ್ತದೆಂದು ಮಾರುವ ಎಂ-ಡಿಸ್ಕ್ ಎಂಬ ತಟ್ಟೆಯೂ ಮಾಡುವುದು ಅದೇ ಕೆಲಸ: ಬಣ್ಣದ ಪದರದ ಬದಲು ಗಟ್ಟಿ ಪದರದಲ್ಲಿ ಲೇಸರಿನಿಂದ ಗುಳಿ ಕೊರೆಯುವುದು. ಓದಲು ಡ್ರೈವ್ ಬೇಕು. ಈಗಿನ ಲ್ಯಾಪ್‌ಟಾಪಿನಲ್ಲಿ ಅದೆಲ್ಲಿದೆ?

ಹಾರ್ಡ್ ಡಿಸ್ಕಿಗೆ ಮೂರು ವರ್ಷದ ವಾರಂಟಿ. ಕೆಟ್ಟರೆ ಹೊಸ ಡಬ್ಬ ಕೊಡುತ್ತಾರೆ, ಫೋಟೊ ಕೊಡುವುದಿಲ್ಲ. ಶಾಸನಕ್ಕೆ ವಾರಂಟಿಯಿಲ್ಲ, ಶಾಪವಿದೆ: ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇಂಥ ಒಂದು ಷರತ್ತನ್ನು ಯಾವ ಕಂಪನಿ ಬರೆದುಕೊಟ್ಟೀತು?

ಹಾಗೆಂದು ಕಲ್ಲು, ತಾಮ್ರವನ್ನೇ ನಂಬಿ ಕೂರುವಂತಿಲ್ಲ. ಕೆ.ಆರ್. ಪೇಟೆ, ಪಾಂಡವಪುರದ ಕಡೆ ಶಾಸನದ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವವರು ಸಿಗುತ್ತಾರೆ, ಓದುವವರು ಸಿಗುವುದಿಲ್ಲ. ಕಡತ ಭದ್ರ, ತೆರೆಯುವ ಸಾಫ್ಟ್‌ವೇರ್ ಮಾಯ! ಶಾಸನತಜ್ಞ ಬಿ.ಎಲ್. ರೈಸ್ ಇವನ್ನೆಲ್ಲ ಹುಡುಕಿಸಿ, ಓದಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದ, ನಾಗಮಂಗಲದವು 1898ರ ನಾಲ್ಕನೆಯ ಸಂಪುಟದಲ್ಲಿವೆ. ಶ್ರೀರಂಗಪಟ್ಟಣವೂ ಸೇರಿ ಈ ನಾಲ್ಕೂ ತಾಲ್ಲೂಕಿನ ಶಾಸನಗಳನ್ನು 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಪರಿಷ್ಕರಿಸಿ ಮತ್ತೆ ಅಚ್ಚುಮಾಡಿದರು. ಕಲ್ಲು ಸವೆದರೂ ಪಾಠ ಉಳಿಯಿತು. ಅಂದರೆ ಬಾಳಿಕೆ ಬರುವುದು ವಸ್ತುವಲ್ಲ, ಆಗಾಗ ನಕಲು ಮಾಡುವ ಕೈ.

ಅದಕ್ಕೇ ಹೇಳುತ್ತೇನೆ: ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ, ಒಂದನ್ನು ತಂಗಿ ಮನೆಯಲ್ಲಿಡಿ. ಯುಗಾದಿಗೊಮ್ಮೆ ಎರಡನ್ನೂ ತೆರೆದು ನೋಡಿ, ನಾಲ್ಕೈದು ವರ್ಷಕ್ಕೆ ಹೊಸದಕ್ಕೆ ನಕಲು ಮಾಡಿ. ಮುಖ್ಯವಾದ ಹತ್ತು ಫೋಟೊಗಳನ್ನು ಪ್ರಿಂಟ್ ಹಾಕಿಸಿ, ಹಿಂದುಗಡೆ ಯಾರು ಯಾರೆಂದು ಪೆನ್ಸಿಲ್‌ನಲ್ಲಿ ಬರೆದಿಡಿ. ಶಾಪ ಸೇರಿಸುವುದು ನಿಮ್ಮ ಇಷ್ಟ.